ಸೀಟಿನೊಳಗಿನ ಚೀಟಿ

ಪುತ್ತಿಗೆ, ಮೂಡುಬಿದಿರೆ
18-2-2025, ಮಂಗಳವಾರ

ಪ್ರೀತಿಯ ಮಗ ಮನೀಷನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ ಮಗಾ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯಾ? ಖಾಲಿ ಹೊಟ್ಟೆಯಲ್ಲಿ ಚಾ ಕುಡಿದರೆ ನಿನಗೆ ಎದೆಯುರಿ ಬರುತ್ತದೆ, ಗೊತ್ತಿದ್ದೂ ಕುಡಿಯುತ್ತೀ, ಅದನ್ನು ಬಿಡು. ಎಲ್ಲಿದ್ದೀ ಎಂದು ನಾನು, ನಿನ್ನ ಸುದ್ದಿ ತಂದ ಅಜ್ಮಲನನ್ನು ಕೇಳಲಿಲ್ಲ. ಕೇಳಿದ್ದರೆ ಪಾಪ ಹೇಳಿಯೇ ಬಿಡುತ್ತಿದ್ದ, ಆಮೇಲೆ ಯಾರಾದರೂ ವಿಚಾರಿಸಿದಾಗ ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. "ಆರಾಮ ಇದ್ದಾನೆ ಅಮ್ಮ, ಸ್ವಲ್ಪ ಸಪುರ ಆಗಿದ್ದಾನೆ" ಎಂದಷ್ಟೇ ಅವನು ಹೇಳಿದ್ದು. ಅವನ ಕೈಯಲ್ಲಿ ಎರಡು ಅಂಗಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ನಾನು ಕ್ಷೇಮ ಎಂದು ಬರೆಯುವುದು ಕ್ರಮ. ಬಲಗೈ ಹೆಬ್ಬೆರಳು ದಬ್ಬಣ ಹಿಡಿದರೆ ನೋಯುತ್ತದೆ, ನಿದ್ದೆ ಬರುವುದಿಲ್ಲ, ಮಿಕ್ಕಂತೆ ಕ್ಷೇಮವೇ. ಫೋನು ಮಾಡಬಾರದೆಂದು ನೀನು ಹೇಳಿ ಕಳಿಸಿದ್ದು ಒಳ್ಳೆಯದೇ ಆಯಿತು. ನೀನು ಮಾತಾಡಲು ತೊಡಗಿದರೆ ನಾನು ಯಾವಾಗಲೂ ಸೋತುಹೋಗುತ್ತೇನೆ. ಕಾಗದದಲ್ಲಿ ಆ ಹೆದರಿಕೆ ಇಲ್ಲ.

ನೀನು ಹೇಳಿ ಕಳಿಸಿದ ಮಾತನ್ನು ಅಜ್ಮಲ್ ಹೋದ ವಾರ ಬಂದಾಗ ಎರಡು ಸಲ ಹೇಳಿದ. ಅಂಗಡಿಯ ಅಳತೆ ಪುಸ್ತಕವನ್ನೂ ಸೀಟಿನೊಳಗೆ ಸಿಕ್ಕಿ ಈಗ ದೇವರ ಮುಂದೆ ಇಟ್ಟಿರುವ ಆ ಚೀಟಿಯನ್ನೂ ಬಚ್ಚಲೊಲೆಗೆ ಹಾಕಬೇಕು, ಕೇಳಿದವರಿಗೆ ಆ ಕಾರಿನ ಸೀಟು ನಮ್ಮ ಅಂಗಡಿಯದಲ್ಲ ಎನ್ನಬೇಕು, ಅವೆರಡು ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ವಕೀಲರೊಬ್ಬರು ಹೇಳಿದ್ದಾರೆ, ಇಷ್ಟು. ನಿನ್ನ ತಂಗಿ ಅಶ್ವಿತಾ ಕೂಡ ಅದನ್ನೇ ಹೇಳುತ್ತಾಳೆ. "ಒಂದು ಪುಸ್ತಕ ಸುಡ್ಲಿಕ್ಕೆ ಇಷ್ಟು ಯೋಚನೆಯಾ?" ಎಂದು ಕೇಳಿದವಳು ಮೂರು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಚ್ಚಲೊಲೆ ದಿನಾ ಉರಿಯುತ್ತದೆ, ಪುಸ್ತಕ ಹಿಡಿದುಕೊಂಡು ನಾನು ಅದರ ಮುಂದೆ ಕೂತದ್ದೂ ಉಂಟು.

ಆ ಪುಸ್ತಕ ನಿನ್ನ ಅಪ್ಪ ಮಾಡಿದ್ದು. ಯಾವ ಕಾರಿನ ಸೀಟಾದರೂ ಅದಕ್ಕೊಂದು ಪುಟ: ಉದ್ದ, ಅಗಲ, ರೆಕ್ಸಿನಿನ ಬಣ್ಣ, ತಂದವರ ಹೆಸರು. ಹೊಲಿಗೆಯ ಕೊನೆಯ ಬಾಯಿ ಮುಚ್ಚುವ ಮೊದಲು ಸಣ್ಣ ಕಾಗದದಲ್ಲಿ 'ಶ್ರೀ ಗಣೇಶಾಯ ನಮಃ' ಎಂದು ಬರೆದು, ಕೆಳಗೆ ತಾರೀಕು, ಊರು, ಹೊಲಿದವರ ಹೆಸರು ಹಾಕಿ, ಮಡಚಿ ಸೀಟಿಗೆ ತುಂಬಿದ ತೆಂಗಿನ ನಾರಿನೊಳಗೆ ತುರುಕುತ್ತಿದ್ದರು. ಕೂತವರು ಸುಖವಾಗಿ ಮನೆ ಮುಟ್ಟಲಿ ಎಂದು. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು, ಚೀಟಿಯೂ ಬಂತು. ಹೆಂಗಸು ಕಾರಿನ ಕುಶನ್ ಹೊಲಿಯುವುದುಂಟಾ ಎಂದು ನಕ್ಕವರೇ ಆಮೇಲೆ ಸರತಿಯಲ್ಲಿ ನಿಂತರು. ಆಗ ನೀನು ಏಳನೇ ಕ್ಲಾಸು. ನಾನು ಟೇಪು ಹಿಡಿದು ಹೇಳುವುದು, ನೀನು ಪುಸ್ತಕದಲ್ಲಿ ಬರೆಯುವುದು. ಎಂಥ ಚಂದದ ಅಕ್ಷರ ನಿನ್ನದು! ಪ್ರಬಂಧ ಸ್ಪರ್ಧೆಯಲ್ಲಿ ನಿನಗೆ ಸಿಕ್ಕಿದ ಸ್ಟೀಲಿನ ಲೋಟದಲ್ಲೇ ನಾನು ಈಗಲೂ ನೀರು ಕುಡಿಯುವುದು. ಈ ಹುಡುಗ ಬರೆದೇ ಬದುಕುತ್ತಾನೆ ಎಂದುಕೊಂಡಿದ್ದೆ. ಹಾಗೆಯೇ ಆಯಿತಲ್ಲ.

ಬಂಟ್ವಾಳದ ಆ ಉಜ್ವಲ್ ಹೆದ್ದಾರಿ ಬದಿಯಲ್ಲಿ ಹಳೆ ಕಾರುಗಳ ವ್ಯಾಪಾರ ಸುರುಮಾಡಿ ನಿನ್ನನ್ನು ಜಾಹೀರಾತು ಬರೆಯಲು ಕರೆದಾಗ ನನಗೆ ಸಂತೋಷವೇ ಆಗಿತ್ತು. ನೀನು ಬರೆದದ್ದನ್ನು ಫೋನಿನಲ್ಲಿ ಓದಿ ತೋರಿಸುತ್ತಿದ್ದೆ, ನಾನು ಹೊಲಿಯುತ್ತಾ ನಗುತ್ತಿದ್ದೆ. ನಾಲ್ಕು ಮನೆ ತಿರುಗಿದ ಬಂಡಿ ನಿನ್ನ ಬರಹದಲ್ಲಿ 'ಸಿಂಗಲ್ ಓನರ್', ಏಕೆಂದರೆ ಕಾಗದದಲ್ಲಿ ಒಬ್ಬನ ಹೆಸರೇ ಉಳಿದಿತ್ತು. ಬಾಗಿಲು ಒಂದು ಕಾರಿನದು, ಬಾನೆಟ್ ಮತ್ತೊಂದರದು, ಅದು 'ಕಂಪೆನಿಯಿಂದ ಬಂದ ಹಾಗೇ ಉಂಟು'. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದಕ್ಕೆ 'ಫುಲ್ ರೆಸ್ಟೋರೇಶನ್'. ಇದೆಲ್ಲ ಸುಳ್ಳಲ್ಲವಾ ಎಂದು ಒಮ್ಮೆ ಕೇಳಿದ್ದೆ. "ಸುಳ್ಳಲ್ಲ ಅಮ್ಮ, ಇದು ಮಾರ್ಕೆಟಿನ ಭಾಷೆ. ತೆಗೊಳ್ಳುವವರಿಗೂ ಗೊತ್ತಿರ್ತದೆ" ಎಂದೆ ನೀನು. ಗೊತ್ತಿರುತ್ತದೆ ಎಂದು ನಾನೂ ನಂಬಿದೆ. ನಂಬುವುದು ನನಗೂ ಸುಲಭವಿತ್ತು, ಅಂಗಡಿಯಲ್ಲಿ ಬೇರೆ ಕೆಲಸ ಕಡಿಮೆಯಾಗಿತ್ತು.

ಆಮೇಲೆ ನೀನು ಹಳೆಯದರಂತೆ ಕಾಣುವ ಸೀಟು ಕೇಳತೊಡಗಿದೆ. ಸಿನಿಮಾದವರಿಗೆ ಎಂದೆ. ಹೊಸ ರೆಕ್ಸಿನನ್ನು ಬಿಸಿಲಿಗೆ ಹಾಕಿ, ಕಲ್ಲಿನಿಂದ ಉಜ್ಜಿ, ಚಾಹುಡಿ ಕುದಿಸಿದ ನೀರು ಹಚ್ಚಿ, ಅರುವತ್ತು ವರ್ಷದ ಸೀಟು ಒಂದು ವಾರದಲ್ಲಿ ಮಾಡಿಕೊಟ್ಟೆ. ನನ್ನ ಕೈಚಳಕದ ಬಗ್ಗೆ ನನಗೇ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಳೆದ ಸಪ್ಟೆಂಬರಿನಲ್ಲಿ ಆ ಕಪ್ಪು ಫಿಯೆಟ್ಟಿನ ಹಿಂದಿನ ಸೀಟು ತಂದಾಗ ನೀನು ಇನ್ನೊಂದು ಕೇಳಿದೆ. ಎಡಮೂಲೆಯಲ್ಲಿ ಸಿಗರೇಟು ಬಿದ್ದು ಸುಟ್ಟ ಹಾಗೆ ಒಂದು ತೂತು ಬೇಕು. ಮನೆಯಲ್ಲಿ ಸಿಗರೇಟು ಎಲ್ಲಿಂದ? ದೇವರ ಕೋಣೆಯಿಂದ ಊದುಬತ್ತಿ ತಂದು ಹಚ್ಚಿ, ನೀನು ಬೆರಳಿಟ್ಟು ತೋರಿಸಿದ ಜಾಗಕ್ಕೆ ತಾಗಿಸಿದೆ. ಸರಿಯಾಗಿ ಆ ಜಾಗವೇ ಯಾಕೆ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಆದರೆ ಬಾಯಿ ಹೊಲಿಯುವಾಗ ಚೀಟಿ ಮಾತ್ರ ಹಾಕಿದೆ, ಹದಿನೆಂಟು ವರ್ಷದ ಅಭ್ಯಾಸ. ಅದು ಹಳೆ ಸೀಟು ಎಂದು ಮಾರುವ ಸೀಟು, ಅದರಲ್ಲಿ ಹೊಸ ತಾರೀಕು ಇರಬಾರದು ಎಂಬ ಬುದ್ಧಿ ನನಗೆ ಹೊಳೆಯಲೇ ಇಲ್ಲ. ಕಳ್ಳತನಕ್ಕೂ ಒಂದು ತರಬೇತಿ ಬೇಕು ನೋಡು.

ಆ ಫಿಯೆಟ್ಟನ್ನು ಕೊಂಡ ಚನಿಯಪ್ಪನವರು ಇಲ್ಲಿಗೆ ಬಂದಿದ್ದರು ಎಂಬುದು ನಿನಗೆ ಗೊತ್ತು. ಏನಾಯಿತೆಂದು ಗೊತ್ತಿಲ್ಲ. ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ. ಜನವರಿ ಕೊನೆಗೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕೊಕ್ಕಡದಿಂದ ಮಗನ ಜೊತೆ ಬಂದರು. ಎಪ್ಪತ್ತೈದರ ಮೇಲಿನ ಪ್ರಾಯ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಮಗ ಜಯಪ್ರಕಾಶ್ ಬಾಗಿಲಲ್ಲೇ ನಿಂತ. ಅವರು ಒಳಗೆ ಬಂದು, ಚಪ್ಪಲಿ ಕಳಚಿ, ಕಿಸೆಯಿಂದ ನನ್ನ ಚೀಟಿ ತೆಗೆದರು. ಸೀಟಿಗೆ ಇಲಿ ಹೋಗಿತ್ತಂತೆ, ಹೊಲಿಗೆ ಬಿಚ್ಚಿ ನೋಡುವಾಗ ಸಿಕ್ಕಿತಂತೆ. "ದೇವರ ಹೆಸರು ಬರೆದದ್ದು, ಕಸಕ್ಕೆ ಹಾಕ್ಲಿಕ್ಕೆ ಆಗ್ತದಾ? ಬರೆದವರಿಗೇ ಕೊಡುವ ಅಂತ ಬಂದೆ" ಎಂದರು. ಜಗಳಕ್ಕೆ ಬಂದವರಲ್ಲ ಮನೀಷ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಇದರಲ್ಲಿ ಹೋದ ವರ್ಷದ ತಾರೀಕು ಉಂಟಲ್ಲ ಅಮ್ಮ. ಈ ಸೀಟು ಯಾರೂ ಬಿಚ್ಚಿದ್ದೇ ಇಲ್ಲ ಅಂತ ಹೇಳಿದ್ರು."

ಅವರು ಎಸ್ಟೇಟಿನ ಧಣಿಗಳೊಬ್ಬರ ಕಾರಿಗೆ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದರಂತೆ. ಅಂಥದೇ ಕಪ್ಪು ಫಿಯೆಟ್. ಆ ಕಾರಿನಲ್ಲಿ ಅವರ ಹೆಂಡತಿ ಪದ್ಮಾಕ್ಷಿ ಒಂದು ದಿನವೂ ಕೂತವರಲ್ಲ, ಡ್ರೈವರನ ಹೆಂಡತಿ ಧಣಿಗಳ ಕಾರಿನಲ್ಲಿ ಕೂರುವ ಕ್ರಮ ಇರಲಿಲ್ಲ. ಹೆರಿಗೆಗೂ ಜೀಪಿನಲ್ಲಿ ಹೋದದ್ದು. ಧಣಿಗಳು ಹೋದ ಮೇಲೆ ಕಾರು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹೋದ ವರ್ಷ ಹಳೆ ರಬ್ಬರ್ ಮರ ಕಡಿಸಿ ಸ್ವಲ್ಪ ದುಡ್ಡು ಕೈಗೆ ಬಂದಾಗ, ಹೆಂಡತಿಯ ಕಾಲು ಪೂರ್ತಿ ಸೋಲುವ ಮೊದಲು ಒಮ್ಮೆ ಅಂಥ ಕಾರಿನಲ್ಲಿ ಕೂರಿಸಬೇಕೆಂದು ನಿನ್ನ ಜಾಹೀರಾತು ನೋಡಿ ಫೋನು ಮಾಡಿದ್ದರು. ಧಣಿಗಳ ಕಾರಿನ ಹಿಂದಿನ ಸೀಟಿನ ಎಡಮೂಲೆಯಲ್ಲಿ ಸಿಗರೇಟಿನ ತೂತಿತ್ತು ಎಂದು ಮಾತಿನ ನಡುವೆ ಅವರೇ ನಿನ್ನಲ್ಲಿ ಹೇಳಿದ್ದು. ನೀನು ಎರಡು ವಾರ ಬಿಟ್ಟು ಫೋನು ಮಾಡಿ, ಆ ಕಾರೇ ಸಿಕ್ಕಿದೆ, ಕೇರಳದಲ್ಲಿ ಯಾರದೋ ಶೆಡ್ಡಿನಲ್ಲಿತ್ತು, ಹಾಗಾಗಿ ನಂಬರು ಬೇರೆ, ಎಂದೆಯಂತೆ. ಆಯುಧಪೂಜೆಯ ಮುನ್ನಾದಿನ ಕಾರು ಮನೆಗೆ ಬಂದಾಗ ಅವರು ಮೊದಲು ನೋಡಿದ್ದು ಆ ಮೂಲೆಯನ್ನು. ತೂತಿನೊಳಗೆ ಬೆರಳಿಟ್ಟು ಅಲ್ಲೇ ಅಂಗಳದಲ್ಲಿ ಅತ್ತುಬಿಟ್ಟರಂತೆ. ಇದನ್ನು ಹೇಳುವಾಗ ಅವರಿಗೆ ನಾಚಿಕೆಯಾಯಿತು.

"ತಾರೀಕು ಹೊಸದು ಅಂತಾದ್ರೆ ಆ ತೂತು?" ಎಂದು ಕೇಳಿದರು. ಏನಾದರೊಂದು ಹೇಳಿ ಅವರನ್ನು ಸಮಾಧಾನ ಮಾಡಬಹುದಿತ್ತು. ಹಳೆ ರೆಕ್ಸಿನನ್ನೇ ಬಿಚ್ಚಿ ಪುನಃ ಹೊಲಿದದ್ದು ಎಂದರೂ ನಂಬಿಬಿಡುತ್ತಿದ್ದರು, ನಂಬಲು ಕಾಯುತ್ತಾ ಕೂತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಅದು ನಾನು ಮಾಡಿದ್ದು." ಅವರು ಬೈಯಲಿಲ್ಲ. ಒಂದು ಲೋಟ ನೀರು ಕೇಳಿದರು. ನಿನ್ನ ಬಹುಮಾನದ ಲೋಟದಲ್ಲೇ ಕೊಟ್ಟೆ, ಬೇರೆ ತೊಳೆದಿರಲಿಲ್ಲ. ಏಳುವಾಗ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಪದ್ಮಾಕ್ಷಿಗೆ ಗೊತ್ತಾಗುವುದು ಬೇಡ. ಅವಳು ದಿನಾ ಸಂಜೆ ಅದರಲ್ಲಿ ಕೂತ್ಕೊಳ್ತಾಳೆ" ಎಂದರು. ನಾನು ಅವರಿಗೆ ಕೈಮುಗಿದೆ.

ಆದರೆ ಜಯಪ್ರಕಾಶ್ ಬಾಗಿಲಲ್ಲಿ ಎಲ್ಲ ಕೇಳಿದ್ದ. ಅವನು ದೂರು ಕೊಟ್ಟದ್ದು ತಪ್ಪೆಂದು ಹೇಳಲಾರೆ, ಅವನ ಜಾಗದಲ್ಲಿ ನೀನಿದ್ದರೆ ನೀನೂ ಕೊಡುತ್ತಿದ್ದೆ. ಉಜ್ವಲ್ ಏನು ಹೇಳಿದ್ದಾನೆಂದು ನಿನಗೆ ತಲುಪಿದೆಯೋ ಇಲ್ಲವೋ. ತಾನು ಬರೇ ಬಂಡಿ ತರಿಸುವವನು, ಹೇಳಿದ್ದು ಬರೆದದ್ದು ಎಲ್ಲ ಮನೀಷ, ತನಗೇನೂ ಗೊತ್ತಿಲ್ಲ ಎಂದು ಕೈ ತೊಳೆದುಕೊಂಡಿದ್ದಾನೆ. ಅವನ ಶೆಡ್ಡಿನಲ್ಲಿ ಈಗಲೂ ವ್ಯಾಪಾರ ನಡೆಯುತ್ತಿದೆ, ನೀನು ಮಾತ್ರ ಯಾರದೋ ಮನೆಯ ಮೂಲೆಯಲ್ಲಿ ಅಡಗಿ ಕೂತಿದ್ದೀ. ಪೊಲೀಸರು ಕಾರು ನೋಡಲು ಕೊಕ್ಕಡಕ್ಕೆ ಹೋದ ದಿನ ಪದ್ಮಾಕ್ಷಿಯವರಿಗೆ ವಿಷಯ ಗೊತ್ತಾಯಿತು. ಅಂದಿನಿಂದ ಆಕೆ ಕಾರಿನ ಹತ್ತಿರ ಹೋಗಿಲ್ಲ. ಜಗಲಿಯಲ್ಲಿ ಕೂತವರು ಆ ಕಡೆ ಮುಖ ಹಾಕುವುದಿಲ್ಲವಂತೆ.

ನಿನ್ನನ್ನು ನಾನು ಬೈಯಲೆಂದು ಬರೆಯುತ್ತಿಲ್ಲ. ಬೈದರೆ ನನ್ನನ್ನೇ ಬೈದುಕೊಳ್ಳಬೇಕು. 'ಸಿಂಗಲ್ ಓನರ್' ಎಂದು ಓದಿದಾಗ ನಕ್ಕೆನಲ್ಲ, ಅಂದೇ ಗದರಿಸಿದ್ದರೆ ಇದು ಊದುಬತ್ತಿಯ ತನಕ ಬರುತ್ತಿರಲಿಲ್ಲ. ತುಕ್ಕು ಮುಚ್ಚಿ ಮಾರಿದ್ದನ್ನು ಮಾರ್ಕೆಟಿನ ಭಾಷೆ ಎನ್ನು, ಕೇಳುತ್ತೇನೆ. ಆದರೆ ಒಬ್ಬ ಮುದುಕ ನಂಬಿ ಹೇಳಿದ ನೆನಪನ್ನು ಕೇಳಿಸಿಕೊಂಡು, ಅದೇ ಅಳತೆಗೆ ತೂತು ಮಾಡಿಸಿ ಅವನಿಗೇ ಮಾರಿದೆಯಲ್ಲ ಮಗಾ, ಅದಕ್ಕೆ ಯಾವ ಭಾಷೆಯಲ್ಲಿ ಏನನ್ನುತ್ತಾರೆ? ನನಗೆ ತಿಳಿಯುವುದಿಲ್ಲ. ನೀನು ಕೆಟ್ಟವನಲ್ಲ. ಅದು ನನಗೆ ಗೊತ್ತಿರುವುದರಿಂದಲೇ ಇಷ್ಟು ದುಃಖ.

ಅಶ್ವಿತಾಳಿಗೆ ಒಂದು ಸಾಲು ಬರೆ, ನಿನ್ನ ಮಾತಾದರೂ ಕೇಳುತ್ತಾಳೆ. ಆರೋಗ್ಯ ನೋಡಿಕೋ. ಅಂಗಿಗಳಲ್ಲಿ ನೀಲಿಯದರ ಗುಂಡಿ ಸಡಿಲ ಇತ್ತು, ಹಾಕಿ ಕಳಿಸಿದ್ದೇನೆ. ನಿನ್ನ ಅಪ್ಪನ ಪುಣ್ಯ ನಿನ್ನನ್ನು ಕಾಯಲಿ, ನೀನು ಇರುವ ಮನೆಯವರಿಗೂ ಒಳ್ಳೆಯದಾಗಲಿ.

ಇತಿ ನಿನ್ನ ಅಮ್ಮ,
ಶಂಕರಿ

ತಾ.ಕ.: ಅಜ್ಮಲ್ ಬೈಕಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪುಸ್ತಕ ಸುಡಲಿಲ್ಲ. ನಿನ್ನೆ ಬೆಳ್ತಂಗಡಿಗೆ ಹೋಗಿ ಪುಸ್ತಕವನ್ನೂ ಚೀಟಿಯನ್ನೂ ಠಾಣೆಯಲ್ಲಿ ಕೊಟ್ಟು ಬಂದೆ. ಕೊಡುವ ಮೊದಲು ಆ ಫಿಯೆಟ್ಟಿನ ಪುಟ ನೋಡಿದೆ, ನಿನ್ನ ಚಂದದ ಅಕ್ಷರದಲ್ಲೇ ಇದೆ: 'ಹಿಂದಿನ ಸೀಟು, ಎಡಮೂಲೆ, ಸಿಗರೇಟಿನ ತೂತು ಒಂದು'. ಅದನ್ನು ಹರಿಯಲು ಕೈ ಹೋಗಿತ್ತು. ಹರಿಯಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಊದುಬತ್ತಿ ಹಿಡಿದ ಕೈ ನನ್ನದು ಎಂದು ನಿನ್ನ ಹೆಸರಿಗಿಂತ ಮೊದಲು ನನ್ನ ಹೆಸರು ಬರೆಸಿದ್ದೇನೆ. ಗುರುವಾರ ಹತ್ತು ಗಂಟೆಗೆ ಪುನಃ ಬರಲು ಹೇಳಿದ್ದಾರೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಿಂದ ಏಳೂವರೆಯ ಬಸ್ಸು, ವೇಣೂರಿನ ಮೇಲೆ ಹೋಗುವುದು. ಹೊರಡುವ ತನಕ ನಿನಗೆ ಪಕ್ಕದ ಸೀಟು ಹಿಡಿದಿಡುತ್ತೇನೆ.