ಕೊಳಲು ತಂದುಕೊಡೋ ಪ್ರಿಆಂಪ್

ಕೊಚ್ಚಿ
ನವೆಂಬರ್ ೧೪, ಶುಕ್ರವಾರ ರಾತ್ರಿ

ಚೈತ್ರಕ್ಕಾ,

ಇವತ್ತು ನಮ್ಮ ಆಡಿಯೋ ಅಂಗಡಿಯಿಂದ ಸ್ಪೀಕರ್ ಕೊಡಕ್ಕೋದ್ರೆ ಲಿಫ್ಟ್ ಬೇರೆ ಕೆಟ್ಟೋಗಿತ್ತು. ಗಿರಾಕಿ ಮನೆ ನಾಕನೇ ಮಹಡಿ, ಸ್ಪೀಕರ್ ನೋಡುದ್ರೆ ಕಾಫಿ ಮೂಟೆ ಭಾರ. ಹೊತ್ಕಂಡೋಗಿ ಇಳುಸುದ್ ಮೇಲೆ ಆಯಮ್ಮ 'ಬಣ್ಣ ಹೊಂದಲ್ಲ, ವಾಪಸ್ ತಗಂಡೋಗಿ' ಅಂದ್ಬುಟ್ರು. ಬೆನ್ನು ಹಿಡ್ಕಂಡೈತೆ, ಟೈಪ್ ಮಾಡಕ್ಕಾಗಲ್ಲ, ಅದುಕ್ಕೇ ಮಲಕಂಡೇ ಬಾಯಲ್ಲಿ ಹೇಳಿ ಮೊಬೈಲಲ್ಲೇ ಬರುಸ್ತಾ ಇದೀನಿ. ವಾರದಿಂದ ಉತ್ರ ಕೊಟ್ಟಿಲ್ಲ, ಬೈಕಬೇಡ. ಅವ್ವನ ಮಂಡಿ ನೋವು ಹೆಂಗೈತೆ? ಬೆಳಗೋಡಲ್ಲಿ ಚಳಿ ಬಿತ್ತಾ?

ನೀನು ಕೇಳಿದ್ದಕ್ಕೆ ಬರ್ತೀನಿ. 'ಅಪ್ಪಂಗೆ ಹಾಡಲ್ಲಿ ತಬಲಾ ಕೇಳುತ್ತಂತೆ, ಕೊಳಲೇ ಕೇಳಲ್ವಂತೆ. ರೆಕಾರ್ಡ್ ಪ್ಲೇಯರ್ ದನಿ ಎತ್ತಿಕೊಡೋ ಆ ಪ್ರಿಆಂಪ್ ಹಳೇದಾಗೋಗೈತೆ, ಈ ಸಲ ಕಾಫಿ ದುಡ್ಡಲ್ಲಿ ನಿಮ್ಮಂಗಡಿ ದುಬಾರಿದೇ ತಗಳಾಣ' ಅಂದ್ಯಲ್ಲ. ಅಪ್ಪ ಲೆಕ್ಕ ಬರ್ಯೋ ರೈಟರ್ ಕೆಲ್ಸ ಬಿಡೋವಾಗ ಎಸ್ಟೇಟ್ ಸಾವ್ಕಾರ್ರು ಕೊಟ್ಟ ಪ್ಲೇಯರ್ ಅದು. ಅದು ಮೂಲೆ ಸೇರುದ್ರೆ ನಿಂಗೆ ಹೆಂಗನ್ಸುತ್ತೆ ಅಂತ ಗೊತ್ತು.

ದುಬಾರಿದು ಮೋಸ ಅಲ್ಲ ಕಣಕ್ಕ. ಒಳಗಿನ ಸಾಮಾನು ಗಟ್ಟಿ, ಸೊಯ್ ಅನ್ನೋ ಸದ್ದು ಕಮ್ಮಿ. ಆದ್ರೆ ನಮ್ ಅಂಗಡಿ ರಾಜೇಶಣ್ಣ, ನಮ್ಮ ಸಕಲೇಶಪುರದೋರೇ, ಒಂದಿನ ಪರದೆ ಹಿಂದೆ ದುಬಾರಿದು, ಅಗ್ಗದ್ದು ಎರಡೂ ಇಟ್ಟು, ದನಿ ಒಂದೇ ಮಟ್ಟಕ್ಕೆ ತಂದು, 'ಯಾವ್ದು ದುಬಾರಿ ಹೇಳು' ಅಂದ್ರು. ದಿನಾ ಅದನ್ನೇ ಮಾರೋನು ನಾನು, ಅಗ್ಗದ್ದುನ್ನೇ ತೋರ್ಸಿದೆ. 'ಬೆಲೆ ಚೀಟಿ ಕಾಣ್ದಿದ್ರೆ ಎಲ್ರ ಕಿವಿನೂ ಇಷ್ಟೇ ಮಾರಾಯ, ಗಿರಾಕಿ ಮುಂದೆ ಮಾತ್ರ ಬಾಯಿ ಬಿಡ್ಬೇಡ' ಅಂತ ನಕ್ರು.

ಅದುಕ್ಕೇ ನಿಂಗೆ ಅಪ್ಪನ ಆ ಹಾಡಿನ ರೆಕಾರ್ಡ್ ಹಾಕಿ ಮೊಬೈಲಲ್ಲಿ ಹಿಡ್ದು ಕಳ್ಸು ಅಂದಿದ್ದು. ನೀನ್ ಕಳ್ಸಿದ್ದುನ್ನ ಇವತ್ತು ಕೇಳ್ದೆ. ಕೊಳಲು ಐತೆ ಕಣಕ್ಕ. ನಿನ್ನ ಆ ಒಡ್ಕಲು ಮೊಬೈಲಿಗೇ ಸಿಕ್ಕೈತೆ. ಪ್ರಿಆಂಪ್‌ಗೆ ಏನೂ ಆಗಿಲ್ಲ.

ಆವಾಗ ಆನೆ ವಿಷಯ ನೆಪ್ಪಾಯ್ತು. ಹೋದ ತಿಂಗಳು ತೋಟಕ್ಕೆ ಆನೆ ನುಗ್ದಾಗ ಲೈನ್ ಮನೆ ಕೂಲಿಯವ್ರೆಲ್ಲ ಕೂಗ್ಕಂಡು ಡಬ್ಬ ಬಡುದ್ರೂ ಅಪ್ಪ ಮೆಣಸಿನ ಬಳ್ಳಿ ಕಟ್ತಾನೇ ನಿಂತಿದ್ರು, ಪಕ್ಕದ ತೋಟದ ಶಿವಯ್ಯ ಓಡೋಗಿ ರಟ್ಟೆ ಹಿಡ್ದು ಎಳ್ಕಂಡ್ ಬಂದ ಅಂದಿದ್ಯಲ್ಲ. 'ಆನೆಗೂ ಜಗ್ಗಲ್ಲ ನಮ್ಮಪ್ಪ' ಅಂತ ಇಬ್ರೂ ನಕ್ಕಿದ್ವಿ. ಧೈರ್ಯ ಅಲ್ಲಕ್ಕ ಅದು. ಅವರ್ಗೆ ಕೇಳ್ಸೇ ಇಲ್ಲ.

ಪ್ರಿಆಂಪ್ ಬೇಡ. ಹಾಸನಕ್ಕೆ ಕರ್ಕಂಡೋಗಿ ಕಿವಿ ತೋರ್ಸು, ಆ ದುಡ್ಡು ಕಿವಿ ಮಿಷನ್ನಿಗಿರ್ಲಿ. ಅಲ್ಲೀಗಂಟ ತೋಟಕ್ಕೆ ಒಬ್ರನ್ನೇ ಬಿಡಬೇಡ. 'ನಂಗೇನ್ ಕಿವುಡಾ' ಅಂತ ರೇಗ್ತಾರೆ. ರೇಗ್ಲಿ ಬಿಡು.

ನೀನೂ ಅವ್ವನೂ ಹುಷಾರು. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ.

ನಿನ್ ತಮ್ಮ,
ಗುರು

ಮತ್ತೆ ಅಕ್ಕ, ಇದೊಂದು ಹೇಳ್ದೇ ನಿದ್ದೆ ಬರ್ತಿಲ್ಲ. ಯುಗಾದಿ ಆದ್ಮೇಲೆ ನಾನು ಫೋನ್ ಮಾಡಿ, 'ಅಪ್ಪಾ, ಇಲ್ಲಿ ನಂಗಾಗ್ತಿಲ್ಲ, ಊರಿಗೇ ಬಂದ್ಬುಡ್ಲಾ' ಅಂತ ಕೇಳಿದ್ದೆ. 'ಹೂಂ ಹೂಂ, ಅಲ್ಲೇ ಚೆನ್ನಾಗಿರಪ್ಪ' ಅಂದು ಇಟ್ಬುಟ್ರು. ಬರೋದು ಬೇಡ ಅಂದ್ರು ಅಂದ್ಕಂಡೆ. ಆಮೇಲೆ ಅವರ್ಗೆ ಫೋನೇ ಮಾಡಿಲ್ಲ, ದೀಪಾವಳಿಗೂ ಬರ್ಲಿಲ್ಲ. ಭಾನುವಾರ ವಿಡಿಯೋ ಕಾಲ್ ಮಾಡ್ತೀನಿ. ಅಪ್ಪನ್ನ ಜಗಲಿ ಮೇಲೆ ಕೂರ್ಸಿ ಮೊಬೈಲ್ ಹತ್ರ ಹಿಡಿ, ನನ್ ಬಾಯಿ ಅವರ್ಗೆ ಕಾಣ್ಬೇಕು. ನೀನೇನೂ ಹೇಳ್ಬೇಡ, ನಾನೇ ಇನ್ನೊಂದ್ಸಲ ಕೇಳ್ತೀನಿ. ಬೆಳಿಗ್ಗೆ ಎಂಟು ಗಂಟೆಗೆ.