ಸೊನ್ನೆ ನಂಬರಿನ ಸರದಾರ

ಫರ್ವಾನಿಯಾ, ಕುವೈತ್
12 ನವೆಂಬರ್ 2009

ಕಿನ್ನಿಗೋಳಿಯ ಸನ್ಮಾನಿತ ಚಾಂಪಿಯನ್ ಕಜೆಟನ್ ಅವರಿಗೆ, ನೀವು ಬಿಟ್ಟುಹೋದ ಹೆಂಡತಿ ಮರೀನಾಳ ನಮಸ್ಕಾರ.

ನಾನೂ ಮಗ ಆಲ್‌ಸ್ಟನ್ನೂ ಕ್ಷೇಮ. ಇಲ್ಲಿಂದ ಹೋದ ಮೇಲೆ ನೀವು ಒಮ್ಮೆಯೂ ಅದನ್ನು ಕೇಳಿದವರಲ್ಲ. ಕೇಳದಿದ್ದರೂ ಹೇಳುವುದು ನನ್ನ ತವರಿನವರು ಕಲಿಸಿದ ಮರ್ಯಾದೆ.

ನೀವು ಕಳಿಸಿದ ಫೋಟೊ ಬಂತು. ಊರಿನ ಕ್ಲಬ್ಬಿನ ಗೋಡೆಯ ಮೇಲೆ ನಿಮ್ಮ ರೇಸ್ ಕಾರಿನ ಚಿತ್ರ, ಅದರ ಮುಂದೆ ಹಾರ ಹಾಕಿಸಿಕೊಂಡು ನೀವು. ಅಂಥದ್ದೇನು ಗೆದ್ದಿರಿ? ಶೋರೂಮಿನಲ್ಲಿ ಸಿಗುವಂಥದೇ ಕಾರು. ಒಳಗಿನ ಸೀಟುಗಳನ್ನು ಕಿತ್ತು, ಕಬ್ಬಿಣದ ಕಂಬಿ ಹೊಡೆಸಿ, ಒಬ್ಬರನ್ನೊಬ್ಬರು ಗುದ್ದಿಕೊಂಡು ಇಲ್ಲಿಯ ಮರಳುಗಾಡಿನಲ್ಲಿ ಗಿರಗಿರ ಸುತ್ತಿದಿರಿ. ಗಾಣದ ಎತ್ತೂ ಸುತ್ತುತ್ತದೆ. ಅದರಿಂದ ಎಣ್ಣೆಯಾದರೂ ಸಿಗುತ್ತದೆ.

ಆ ಚಿತ್ರ ನೋಡಿ ಆಲ್‌ಸ್ಟನ್ ಮತ್ತು ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಿಮ್ಮ ಕಾರಿನ ನಂಬರು ಐದು. ಇಲ್ಲಿಯ ಅರಬಿ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ. ಪಾಪ, ಹಳೇ ಫೋಟೊ ನೋಡಿ ಬರೆದ ಪೇಂಟರ್ ಅದನ್ನು ಸೊನ್ನೆ ಎಂದೇ ತಿಳಿದು, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಸೊನ್ನೆ ನಂಬರಿನ ಸರದಾರ’ ಎಂದು ಬರೆದಿದ್ದಾನೆ. ನೀವೂ ತಿದ್ದಲಿಲ್ಲ. ಹಾರದ ಭಾರಕ್ಕೆ ಕತ್ತು ಆ ಕಡೆ ತಿರುಗಲಿಲ್ಲವೇನೋ.

ಇನ್ನು ನಿಮ್ಮ ಅಪ್ಪಣೆಯ ವಿಷಯ. ಆಲ್‌ಸ್ಟನ್‌ನನ್ನು ಊರಿಗೆ ಕಳಿಸಬೇಕಂತೆ, ನೀವು ಅವನನ್ನು ರೇಸಿಗೆ ತಯಾರು ಮಾಡುತ್ತೀರಂತೆ, ಚಾಂಪಿಯನ್ ಅಪ್ಪನ ಹೆಸರನ್ನು ಅವನು ಉಳಿಸಬೇಕಂತೆ. ಕಪ್ ಗೆದ್ದ ದಿನ, ಇನ್ನೂ ಎಂಟು ತುಂಬದ ಅವನನ್ನು ಸೀಟೂ ಇಲ್ಲದ, ಬೆಲ್ಟೂ ಇಲ್ಲದ ಜಾಗದಲ್ಲಿ ಕೂರಿಸಿ, ಯಲ್ಲಾ, ನಡಿ ಮಗನೇ ಎನ್ನುತ್ತಾ ಕಾರನ್ನು ಗೋಡೆಗೆ ಗುದ್ದಿದ್ದು ಮರೆತುಹೋಯಿತೇ? ಅವನ ಬಲಗೈ ಇಂದಿಗೂ ನೆಟ್ಟಗಾಗುವುದಿಲ್ಲ. ನೀವು ಅವನಿಗೆ ಬಿಟ್ಟುಹೋದ ಆಸ್ತಿ ಅದೊಂದೇ. ಆಸ್ಪತ್ರೆಯಲ್ಲಿ ನೀವು ಮೊದಲು ಕೇಳಿದ್ದು ಕಾರು ಎಷ್ಟು ಜಖಂ ಆಗಿದೆ ಎಂದು. ನನಗೆ ನಿಮ್ಮ ಮೇಲೆ ಹೇಸಿಗೆ ಹುಟ್ಟಿದ್ದು ಆವತ್ತು.

ಅವನನ್ನೇ ಕೇಳಿ ನೋಡಿದೆ. ಖಲಾಸ್ ಮಮ್ಮಾ, ಆ ಮಾತು ಬಿಡು ಎಂದ. ನಾನು ಅವನನ್ನು ಕಳಿಸುವುದಿಲ್ಲ.

ಇಂತಿ,
ಮರೀನಾ

ತಾ.ಕ.: ಆ ಐದನ್ನು ಕಾರಿನ ಬಾಗಿಲ ಮೇಲೆ ಬರೆದವಳು ನಾನು. ಐದನೇ ತಾರೀಕು ನಮ್ಮ ಮದುವೆಯಾದದ್ದೆಂದು ನೀವೇ ಹಠ ಹಿಡಿದು ಆ ನಂಬರು ತೆಗೆದುಕೊಂಡಿದ್ದಿರಿ. ಪೇಂಟರನ್ನು ಕರೆಸಿ ತಿದ್ದಿಸಿ. ನಿಮ್ಮನ್ನು ಸೊನ್ನೆ ಎನ್ನುವ ಹಕ್ಕು ನನಗಿದೆ, ಊರಿಗಿಲ್ಲ.