ಕ್ಲಚ್ ತುಳಿಯುವ ಕಾಲಿಗೆ ದರ್ಜೆ ಯಾವುದು?

ಹಿಂದಿನ ಸೀಟಿನಲ್ಲಿ ಕುಳಿತು ನಮ್ಮೆಲ್ಲರ ವಾಹನಗಳನ್ನು ನಡೆಸುತ್ತಿರುವ ಮುಖ್ಯಾಧಿಕಾರಿಗಳೇ,

ನನ್ನ ಎಡಗಾಲು ನೋಯುತ್ತಿದೆ. ನಮ್ಮ ಆರೋಗ್ಯ ಕಚೇರಿಯ ಗೇರಿನ ಕಾರನ್ನು ದಿನವೂ ಬೆಳಗಿನಿಂದ ಸಂಜೆಯವರೆಗೆ ಓಡಿಸಿ, ಅದರ ಕ್ಲಚ್ ತುಳಿದು ತುಳಿದು ನೋಯುತ್ತಿದೆ. ಇದನ್ನು ಮುಚ್ಚಿದ ಲಕೋಟೆಯಲ್ಲಿ ವಿನಯಪೂರ್ವಕವಾಗಿ ತಿಳಿಸಿಕೊಂಡಾಗ ತಾವು ನನ್ನನ್ನೇ ಕಾರಿನಿಂದ ಇಳಿಸಲು ಹೊರಟಿರಿ. ನೋವು ಕಾಲಿನದು, ಕತ್ತರಿ ಕೆಲಸಕ್ಕೆ. ಆದ್ದರಿಂದ ಈ ಸಲ ಲಕೋಟೆಯ ಗೊಡವೆಯೇ ಬೇಡವೆಂದು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿದ್ದರೂ ಓದುವವರಿಗೆ ಗೊತ್ತಿರಲಾರದು. ಪಾರ್ಶ್ವವಾಯು ಬಡಿದವರು, ಸೊಂಟದ ಮೂಳೆ ಮುರಿದುಕೊಂಡವರು, ಆಸ್ಪತ್ರೆಯಿಂದ ಮನೆಗೆ ಬಂದು ಮಂಚಕ್ಕೇ ಅಂಟಿಕೊಂಡವರು, ಇವರ ಮನೆಗಳಿಗೆ ಹೋಗಿ ಮತ್ತೆ ನಡೆಸುವ ಫಿಸಿಯೋಥೆರಪಿಸ್ಟ್ ನಾನು. ಆ ಹೆಸರು ಬಾಯಲ್ಲಿ ಹೊರಳದವರು ‘ಕಾಲಿನ ಮೇಡಂ’ ಅನ್ನುತ್ತಾರೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿಗೆ ಬಿತ್ತಂತೆ, ಹಾಗಾಗಿದೆ ನನ್ನ ಪಾಡು. ಬೆಳಿಗ್ಗೆ ಮಂಚದಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಸಂಜೆಗೆ ಬೆರಳುಗಳ ಬುಡ ಉರಿಯುತ್ತದೆ. ರೋಗಿಗಳಿಗೆ ಹೇಳುವುದನ್ನೆಲ್ಲ ನನಗೂ ಹೇಳಿಕೊಂಡು ಮಾಡಿದೆ. ಬಾಟಲಿಯಲ್ಲಿ ನೀರನ್ನು ಮಂಜುಗಡ್ಡೆ ಕಟ್ಟಿಸಿ ಅಂಗಾಲಿನ ಕೆಳಗೆ ಉರುಳಿಸಿದೆ, ದಪ್ಪ ಅಟ್ಟೆಯ ಬೂಟು ಕೊಂಡೆ, ಮೀನಖಂಡ ಎಳೆಸಿಕೊಂಡೆ. ಕೊನೆಯ ಮದ್ದು ಕಾಲಿಗೆ ವಿಶ್ರಾಂತಿ. ಅದೊಂದು ಮಾತ್ರ ನನ್ನ ಕೈಯಲ್ಲಿಲ್ಲ, ತಮ್ಮ ಸಹಿಯಲ್ಲಿದೆ.

ಕಳೆದ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗ ತಾವು ಕನ್ನಡಕ ತೆಗೆದು, “ಡ್ರೈವಿಂಗು ಕೂತ್ಕೊಂಡು ಮಾಡೋ ಕೆಲಸ ಅಲ್ವೇನಮ್ಮಾ? ಕಾಲು ಯಾಕೆ ನೋಯುತ್ತೆ? ನಿಂತ್ಕೊಂಡು ಓಡಿಸ್ತೀರಾ?” ಎಂದು ಕೇಳಿದಿರಿ. ಸಭೆ ನಕ್ಕಿತು. ನಾನೂ ನಕ್ಕೆ. ಮೇಲಧಿಕಾರಿ ನಗಿಸಿದಾಗ ನೌಕರರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ, ಅದಕ್ಕೆ ತರಬೇತಿ ಬೇಕಿಲ್ಲ. ಆದರೆ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಗೇರಿನ ಕಾರಿನಲ್ಲಿ ಮೂರು ಪೆಡಲುಗಳಿರುತ್ತವೆ ಮಾನ್ಯರೇ. ಎರಡನ್ನು ಬಲಗಾಲು ನೋಡಿಕೊಳ್ಳುತ್ತದೆ, ಹೆಸರೂ ಅದಕ್ಕೇ. ಓಡಿದರೂ ಬಲಗಾಲಿನಿಂದ, ನಿಂತರೂ ಬಲಗಾಲಿನಿಂದ. ಎಡಗಾಲಿನ ಪಾಲಿಗೆ ಕ್ಲಚ್ ಒಂದೇ. ಹೊರಡುವಾಗ ತುಳಿ, ಗೇರು ಬದಲಿಸುವಾಗ ತುಳಿ, ನಿಲ್ಲುವಾಗ ತುಳಿ. ಬಿಡುವಾಗಲೂ ಒಮ್ಮೆಗೇ ಬಿಡುವ ಹಾಗಿಲ್ಲ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆದ ಹಾಗೆ ಬಿಡಬೇಕು. ಮುಂದಿನ ವಾಹನ ಒಂದು ಮೊಳ ಸರಿದರೆ ನಾನೂ ಒಂದು ಮೊಳ ಸರಿಯಬೇಕು. ಸರಿಯದಿದ್ದರೆ ಹಿಂದಿನವನು ಹಾರನ್ನಿನಲ್ಲೇ ನನ್ನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಾನೆ. ಸೇತುವೆಯ ಏರಿನ ನಡುಮಧ್ಯೆ ಸಿಗ್ನಲ್ ಬಿದ್ದರಂತೂ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಉಸಿರನ್ನೂ ಅರ್ಧಕ್ಕೆ ಹಿಡಿದು ಕೂರಬೇಕು. ಹ್ಯಾಂಡ್‌ಬ್ರೇಕ್ ಹಾಕಬಾರದೇ ಎನ್ನುತ್ತೀರಿ. ನಮ್ಮ ಕಾರಿನ ಹ್ಯಾಂಡ್‌ಬ್ರೇಕ್ ಇರುವುದು ಅಲಂಕಾರಕ್ಕೆ. ಕ್ಲಚ್ ಕಲ್ಲಾಗಿದೆ ಎಂದು ಇಲಾಖೆಯ ಗ್ಯಾರೇಜಿಗೆ ಕೊಂಡೊಯ್ದರೆ ಮೇಸ್ತ್ರಿ ಒಂದು ಸಲ ತುಳಿದು ನೋಡಿ, “ಏನೂ ಆಗಿಲ್ಲ ಮೇಡಂ. ಗಾಡಿಗೆ ವಯಸ್ಸಾಯ್ತು, ಸ್ವಲ್ಪ ಹಟ ಮಾಡುತ್ತೆ ಅಷ್ಟೆ” ಎಂದರು. ಒಂದು ಸಲ ತುಳಿದವರಿಗೆ ಏನೂ ಆಗುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ಅಂದುಕೊಳ್ಳಬಹುದು. ಆದರೆ ನಮ್ಮಲ್ಲಿ ಡೊಂಕಿಲ್ಲದ ನೆಲವೂ ಒಂದಿದೆ. ಕಚೇರಿಗೆ ಒಂದೇ ಒಂದು ಗೇರಿಲ್ಲದ ಕಾರು ಬಂದಿದೆ. ಎರಡೇ ಪೆಡಲು, ಕ್ಲಚ್ ಎಂಬುದೇ ಇಲ್ಲ, ಎಡಗಾಲನ್ನು ಮನೆಯಲ್ಲಿ ಬಿಟ್ಟು ಬಂದರೂ ನಡೆಯುತ್ತದೆ. ಆ ಕಾರನ್ನು ತಮಗೆ ಕೊಟ್ಟಿದ್ದಾರೆ. ತಾವು ಹಿಂದೆ ಕೂರುತ್ತೀರಿ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಇಷ್ಟು ಚೆನ್ನಾಗಿ ಜಾರಿಗೆ ತಂದ ಇಲಾಖೆ ಇನ್ನೊಂದಿರಲಾರದು. ಆ ಕಾರನ್ನು ಮನೆಭೇಟಿಗೆ ಕೊಡಿ ಎಂದು ಮೊದಲ ಪತ್ರದಲ್ಲಿ ಕೇಳಿದ್ದಕ್ಕೆ ತಮ್ಮ ಕಚೇರಿಯ ಉತ್ತರ ಹೀಗಿತ್ತು: ‘ಸದರಿ ವಾಹನವು ಹುದ್ದೆಯ ದರ್ಜೆಗೆ ಸಂಬಂಧಪಟ್ಟದ್ದೇ ಹೊರತು ಪಾದಕ್ಕೆ ಸಂಬಂಧಪಟ್ಟದ್ದಲ್ಲ.’ ಈ ವಾಕ್ಯವನ್ನು ಬರೆದವರಿಗೆ ನನ್ನ ನಮಸ್ಕಾರಗಳು. ಹಾಗಾದರೆ ದಯವಿಟ್ಟು ತಿಳಿಸಿ, ನನ್ನ ಪಾದದ ದರ್ಜೆ ಯಾವುದು? ಅದಕ್ಕೆ ಬಡ್ತಿ ಯಾವಾಗ?

ಆ ಕಾರಿನ ಚಾಲಕರ ಎಡಗಾಲಿಗೆ ಸಂಬಳ ಸಹಿತ ರಜೆ. ಅದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವರು ನಮ್ಮ ಮನೆಯವರು. ಬೆಳಿಗ್ಗೆ ತಮ್ಮನ್ನು ಕಚೇರಿಗೆ ಬಿಟ್ಟ ಮೇಲೆ ಸಂಜೆ ತಮ್ಮನ್ನು ಮನೆಗೆ ಬಿಡುವವರೆಗೆ ಆ ಕಾರು ಮರದ ನೆರಳಿನಲ್ಲಿ ನಿಂತಿರುತ್ತದೆ, ಅವರು ಅದನ್ನು ಒರೆಸುತ್ತಿರುತ್ತಾರೆ. ಇದು ಮನೆಯ ಗುಟ್ಟಲ್ಲ, ಕಚೇರಿಯ ಯಾವ ಕಿಟಕಿಯಿಂದ ನೋಡಿದರೂ ಕಾಣುವ ಸತ್ಯ. ಸಂಜೆ ನಾನು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತರೆ ಅವರು ಎದುರು ಕೂತು ತಮ್ಮ ಎಡಗಾಲನ್ನು ಅಪರಾಧಿಯ ಹಾಗೆ ಕುರ್ಚಿಯಡಿಗೆ ಎಳೆದುಕೊಳ್ಳುತ್ತಾರೆ. ಈ ಪತ್ರ ಬರೆಯುತ್ತೇನೆ ಎಂದಾಗ ಮೊದಲು, “ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಕಣೇ, ನಿನ್ನ ದಮ್ಮಯ್ಯ” ಎಂದರು. ಆಮೇಲೆ ನನ್ನ ಕಾಲನ್ನು ಒರೆಸಿಕೊಡುತ್ತಾ, “ಬರಿಯೋದೇ ಆದ್ರೆ ಬರಿ. ಆದ್ರೆ ಗಾಡಿ ಫಳಫಳ ಅಂತಿದೆ ಅಂತಾನೂ ಬರಿ” ಎಂದರು. ಬರೆದಿದ್ದೇನೆ.

ಇಷ್ಟೇ ಆಗಿದ್ದರೆ ಹಲ್ಲುಕಚ್ಚಿ ತುಳಿಯುತ್ತಿದ್ದೆ. ಹಲ್ಲುಕಚ್ಚುವುದು ನಮ್ಮ ಕೆಲಸದ ಷರತ್ತುಗಳಲ್ಲಿ ಬರೆಯದೇ ಇರುವ ಒಂದು ಷರತ್ತು. ಆದರೆ ದರ್ಜಿ ಅಜ್ಜನ ಮನೆಯಲ್ಲಿ ನಡೆದದ್ದನ್ನು ತಮಗೆ ಹೇಳಲೇಬೇಕು. ಅವರ ಮನೆ ಮಹಡಿಯ ಮೇಲೆ, ಹೊಲಿಗೆ ಅಂಗಡಿ ಅದರ ಕೆಳಗೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗಾಲು ಬಲ ಕಳೆದುಕೊಂಡಿತು, ಅಜ್ಜಿ ಕೆಳಗೆ ಒಬ್ಬರೇ ಅಂಗಡಿ ನೋಡಿಕೊಳ್ಳುತ್ತಿದ್ದಾರೆ. ಅಜ್ಜನಿಗಿರುವ ಆಸೆ ಒಂದೇ, ಆ ಮೆಟ್ಟಿಲು ಇಳಿದು ಹೋಗಿ ಕತ್ತರಿ ಹಿಡಿಯಬೇಕು. “ಅವಳು ಬಟ್ಟೆ ಕತ್ತರಿಸೋ ಶಬ್ದ ಇಲ್ಲಿಗೇ ಕೇಳುತ್ತೆ ಮೇಡಂ, ತಪ್ಪು ಕತ್ತರಿಸ್ತಾಳೆ” ಎಂದು ಮಂಚದ ಮೇಲೆ ಚಡಪಡಿಸುತ್ತಿದ್ದರು. ಹಟದ ಮನುಷ್ಯ. ನಿಂತರು, ಕೋಲು ಹಿಡಿದರು, ಕೋಣೆಯಲ್ಲಿ ಅಡ್ಡಾಡುವಷ್ಟಾದರು. ನಾನು ಮುಂದೆ ನಡೆಯುತ್ತಿದ್ದೆ, ಅವರು ನನ್ನ ಕಾಲನ್ನೇ ನೋಡುತ್ತಾ ಹಿಂದೆ ಬರುತ್ತಿದ್ದರು. ನಾನು ಇಟ್ಟ ಹಾಗೆ ಹೆಜ್ಜೆ ಇಡಿ ಎಂದು ನಾನೇ ಹೇಳಿದ್ದೆ.

ಒಂದು ದಿನ ಅಜ್ಜಿ ಚಹಾ ತಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಏನ್ರೀ ಇದು? ಕೆಟ್ಟಿದ್ದು ಬಲಗಾಲಲ್ವಾ? ಎಡಗಾಲು ಯಾಕೆ ಕುಂಟ್ತಿದೆ?” ಎಂದರು. ನಾನು ಹಿಂತಿರುಗಿ ನೋಡಿದೆ. ಅಜ್ಜ ಎಡ ಹಿಮ್ಮಡಿಯನ್ನು ನೆಲಕ್ಕೆ ಊರದೆ, ಬೆರಳ ತುದಿಯಲ್ಲಿ ಮುಟ್ಟಿಸಿ ಚಟ್ಟನೆ ಎತ್ತುತ್ತಿದ್ದರು. ಅದು ನನ್ನ ನಡಿಗೆ. ನನ್ನ ನೋವನ್ನು ಅವರು ಶ್ರದ್ಧೆಯಿಂದ ಕಲಿತಿದ್ದರು. ಒಳ್ಳೆಯ ಕಾಲಿನ ಭಾರವನ್ನೆಲ್ಲ ಕೆಟ್ಟ ಕಾಲಿನ ಮೇಲೆ ಹಾಕಿ ಅವರು ವಾಲಿದಾಗ ಪಕ್ಕದಲ್ಲಿ ಗೋಡೆ ಇತ್ತು, ಇಲ್ಲದಿದ್ದರೆ ಬೀಳುತ್ತಿದ್ದರು. ಗೋಡೆಗೆ ಒರಗಿಕೊಂಡೇ ನಕ್ಕರು. “ನಂದೇನಿದೆ ತಪ್ಪು? ಅಳತೆ ಕೊಟ್ಟ ಹಾಗೆ ಹೊಲ್ದಿದ್ದೀನಿ” ಎಂದರು. ಅಜ್ಜಿಯೂ ನಕ್ಕರು. ನನಗೆ ನಗು ಬರಲಿಲ್ಲ. ಕೆಳಗಿಳಿದು ಕಾರಿನಲ್ಲಿ ಕೂತು ಅತ್ತೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು.

ತಮಗೆ ನಾನು ಎರಡನೆಯ ಪತ್ರ ಬರೆದದ್ದು ಆ ಸಂಜೆಯೇ. ಅಜ್ಜನ ವಿಷಯವನ್ನೆಲ್ಲ ಬಿಡಿಸಿ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಹಾವೂ ಸಾಯದ ಕೋಲೂ ಮುರಿಯದ ಜಾಣತನದ್ದು. ಕಾಲು ನೋಯುತ್ತದೆ ಎಂದು ನಾನೇ ಒಪ್ಪಿಕೊಂಡಿರುವುದರಿಂದ ಬರುವ ಸೋಮವಾರ ವಾಹನ ಚಾಲನಾ ಅರ್ಹತಾ ಪರೀಕ್ಷೆಗೆ ಹಾಜರಾಗಬೇಕಂತೆ. ಪರೀಕ್ಷೆ ಅದೇ ಗೇರಿನ ಕಾರಿನಲ್ಲಂತೆ. ಅನರ್ಹಳೆಂದು ಕಂಡುಬಂದರೆ ದಾಖಲೆ ಕೋಣೆಯಲ್ಲಿ ‘ಕುಳಿತು ಮಾಡುವ ಕೆಲಸ’ ಕೊಡಲಾಗುವುದು, ಬದಲಿ ನೇಮಕವಾಗುವವರೆಗೆ ಮನೆಭೇಟಿಗಳನ್ನು ನಿಲ್ಲಿಸಲಾಗುವುದು. ಅಂದರೆ ಗೇರಿಲ್ಲದ ಕಾರು ಬೇಕಾದರೆ ಕಾಲು ಕೆಟ್ಟಿದೆ ಎಂದು ತೋರಿಸಬೇಕು, ಕಾಲು ಕೆಟ್ಟಿದೆ ಎಂದು ತೋರಿಸಿದರೆ ಯಾವ ಕಾರೂ ಇಲ್ಲ. ಹಸಿವೆಂದು ಬಂದವರನ್ನು ಊಟಕ್ಕೆ ಕೂರಲು ಶಕ್ತಿಯಿಲ್ಲದವರೆಂದು ಹೊರಗೆ ಕಳಿಸಿದ ಹಾಗಾಯಿತಲ್ಲವೇ? ನಮ್ಮಲ್ಲಿ ಬದಲಿ ನೇಮಕ ಎಂಬುದು ಎಷ್ಟು ಬೇಗ ಆಗುತ್ತದೆ ಎಂಬುದನ್ನು ಮಾತ್ರ ನನ್ನಿಂದ ಹೇಳಿಸಬೇಡಿ. ಅಷ್ಟರಲ್ಲಿ ಅಜ್ಜನ ಕಾಲು ಕಲಿತದ್ದನ್ನೆಲ್ಲ ಮರೆತಿರುತ್ತದೆ. ಅಥವಾ ನನ್ನ ಕುಂಟನ್ನೇ ಖಾಯಂ ಮಾಡಿಕೊಂಡಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೋಮವಾರದ ಪರೀಕ್ಷೆಯನ್ನು ತಮ್ಮ ಕಾರಿನಲ್ಲೇ ನಡೆಸಿ. ತಾವು ಎಂದಿನಂತೆ ಹಿಂದೆಯೇ ಕುಳಿತಿರಿ, ತಮ್ಮ ದರ್ಜೆಗೆ ಕುಂದು ಬಾರದಂತೆ ಓಡಿಸುತ್ತೇನೆ. ಅದರಲ್ಲಿ ನಾನು ತಪ್ಪಿದರೆ ಮರುದಿನವೇ ದಾಖಲೆ ಕೋಣೆಯ ಧೂಳು ಒರೆಸಲು ಸಿದ್ಧ. ತಪ್ಪದಿದ್ದರೆ, ತಾವು ಕಚೇರಿಯೊಳಗಿರುವ ಹೊತ್ತಿನಲ್ಲಿ ಮರದಡಿ ನಿಲ್ಲುವ ಆ ಕಾರನ್ನು ಮನೆಭೇಟಿಗೆ ಕೊಡಿ. ಸಂಜೆ ತಾವು ಹೊರಡುವಷ್ಟರಲ್ಲಿ ಅದು ಬಾಗಿಲಿಗೆ ಬಂದು ನಿಂತಿರುತ್ತದೆ.

ಇದೂ ಆಗದು ಎನ್ನುವುದಾದರೆ ಇನ್ನೊಂದು ಉಪಕಾರವನ್ನಾದರೂ ಮಾಡಿ. ದರ್ಜಿ ಅಜ್ಜನ ಮನೆಗೆ ಒಮ್ಮೆ ಹೋಗಿ ಬನ್ನಿ. ಮೆಟ್ಟಿಲು ಕಡಿದಾಗಿದೆ, ಒಂದೊಂದನ್ನೂ ಕಾಲೂರಿಯೇ ಹತ್ತಬೇಕು. ನನ್ನ ಹೆಜ್ಜೆಯ ಸದ್ದೆಂದು ತಿಳಿದು ಅವರು ಆಗಲೇ ಕೋಲು ಹಿಡಿದು ಎದ್ದು ನಿಂತಿರುತ್ತಾರೆ. ಇನ್ನು ಮುಂದೆ ಯಾರೂ ಬರುವುದಿಲ್ಲ ಎಂಬ ಮಾತನ್ನು ಅವರ ಎದುರು ನಿಂತು ತಾವೇ ಹೇಳಿ. ನನ್ನಿಂದ ಆಗುವುದಿಲ್ಲ.

ಇಂತಿ,
ಎಡಗಾಲೊಂದನ್ನು ಬಿಟ್ಟು ಮಿಕ್ಕಂತೆ ತಮ್ಮ ವಿಧೇಯಳಾದ
ಮನೆಭೇಟಿಯ ಕಾಲಿನ ಮೇಡಂ